ಒಂಟೆಗಿಂತ ಮೊದಲು ಕುದುರೆ

ನನ್ನ ಮಾವನವರ ಜೊತೆ ಚೆಸ್ ಆಡಬೇಕಾದರೆ ತಾಳ್ಮೆ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಶುದ್ಧ ಸುಳ್ಳು. ತಾಳ್ಮೆ ಇದ್ದವರು ಅವರ ಎದುರು ನಾಲ್ಕು ದಿನ ಕೂತು, ಇದ್ದ ತಾಳ್ಮೆಯನ್ನೂ ಕಳೆದುಕೊಂಡು ಎದ್ದು ಹೋಗಿದ್ದಾರೆ. ನನ್ನ ಹಾಗೆ ಮೊದಲಿನಿಂದಲೂ ತಾಳ್ಮೆಯ ಗಂಧವೇ ಇಲ್ಲದವರು ಮಾತ್ರ ಬಾಳುತ್ತಾರೆ. ಒಂದು ಕಾಯಿ ಎತ್ತಬೇಕಾದರೆ ಅವರು ಮೊದಲು ಕನ್ನಡಕ ತೆಗೆಯಬೇಕು, ಒರೆಸಬೇಕು, ಬೆಳಕಿಗೆ ಹಿಡಿದು ನೋಡಬೇಕು, ಮತ್ತೆ ಒರೆಸಬೇಕು. ಆಮೇಲೆ "ಆಯ್ತು ಆಯ್ತು" ಎನ್ನುತ್ತಾರೆ. ಏನೂ ಆಗಿರುವುದಿಲ್ಲ. ಕೈ ಗಲ್ಲದ ಮೇಲೆಯೇ ಇರುತ್ತದೆ.

ನಮ್ಮದು ಕನ್ನಡಕದ ಅಂಗಡಿ. ಮಾವನವರು ಮುಂದೆ ಕೌಂಟರಿನಲ್ಲಿ ಕೂತು ಗಿರಾಕಿಗಳ ಮೂಗಿಗೆ, ಕಿವಿಗೆ ಫ್ರೇಮು ಹೊಂದಿಸುತ್ತಾರೆ. ನಾನು ಹಿಂದೆ, ಹಲಗೆಯ ತಡಿಕೆಯ ಆಚೆ, ಯಂತ್ರದಲ್ಲಿ ಗಾಜು ಉಜ್ಜಿ ಫ್ರೇಮಿನ ಅಳತೆಗೆ ತರುತ್ತೇನೆ. ನಮ್ಮವರಿಗೆ ಈ ಕೆಲಸ ಒಗ್ಗಲಿಲ್ಲ. ಅವರು ಬಸ್ ಡಿಪೋದಲ್ಲಿದ್ದಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಗಾಜು ಉಜ್ಜುವುದನ್ನೂ ಚೆಸ್ಸನ್ನೂ ನನಗೆ ಮಾವನವರೇ ಕಲಿಸಿದರು. ಎರಡನ್ನೂ ಬೈದುಕೊಂಡೇ ಕಲಿಸಿದರು, ನಾನೂ ಒಳಗೊಳಗೇ ಬೈದುಕೊಂಡೇ ಕಲಿತೆ.

ಗಿರಾಕಿ ಇಲ್ಲದಾಗ ಕೌಂಟರಿನ ಮೇಲೆ ಬೋರ್ಡು ಬರುತ್ತದೆ. ಗಿರಾಕಿ ಬಂದ ಕೂಡಲೇ ಕೆಳಗಿನ ಡ್ರಾಯರಿಗೆ ಹೋಗುತ್ತದೆ, ಒಳಗೆ ಕಾಯಿಗಳೆಲ್ಲ ಉರುಳಿ ಚೆಲ್ಲಾಪಿಲ್ಲಿಯಾಗುತ್ತವೆ. ಹಾಗಾಗಿ ಒಂದು ಆಟವೂ ಮುಗಿಯುವುದಿಲ್ಲ. ಪ್ರತಿ ಸಲವೂ ಮೊದಲಿನಿಂದ ಆಡುವುದೆಂದರೆ ಇರುವ ಹೊತ್ತೆಲ್ಲ ಆರಂಭದ ನಡೆಗಳಿಗೇ ಖರ್ಚು, ಅದರಲ್ಲೂ ಅವರ ಒರೆಸುವ ಕೆಲಸ ಬೇರೆ. ಅದಕ್ಕೇ ಯಾವ ಕಾಲದಲ್ಲೋ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು: ಮೊದಲ ನಡೆಗಳನ್ನು ಆಡುವುದೇ ಬೇಡ. ಎರಡೂ ಕಡೆಯ ಕುದುರೆಗಳು ಹೊರಗೆ, ಒಂಟೆಗಳು ಹೊರಗೆ, ರಾಜರಿಬ್ಬರೂ ಮೂಲೆಯ ಕೋಟೆಯಲ್ಲಿ ಭದ್ರ. ಅಷ್ಟನ್ನು ನೇರವಾಗಿ ಜೋಡಿಸಿಟ್ಟುಕೊಂಡು ಅಲ್ಲಿಂದ ಶುರು. ಅದಕ್ಕೆ ನಮ್ಮಿಬ್ಬರ ಮಾತಿನಲ್ಲಿ "ನಮ್ಮ ಜಾಗ" ಎಂದು ಹೆಸರು. ಮಾವನವರು ಗೋಡೆಗೆ ಒರಗಿ ಕೂರುವವರು, ಬಿಳಿ ಕಾಯಿ ಯಾವಾಗಲೂ ಅವರದು. ಕಪ್ಪು ನನ್ನದು. ನಮ್ಮ ಜಾಗದಿಂದ ಮುಂದೆ ಎಲ್ಲಿ ಹೊಂಡವಿದೆ, ಎಲ್ಲಿ ಕಲ್ಲಿದೆ ಎಂಬುದು ನನಗೆ ಅಂಗೈಯಲ್ಲಿದ್ದ ಹಾಗೆ ಗೊತ್ತು. ನಮ್ಮ ಜಾಗದ ಹಿಂದೆ ಏನಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಈ ಸಲದ ಊರಿನ ಟೂರ್ನಮೆಂಟಿನಲ್ಲಿ ನಾನು ಅಪರೂಪಕ್ಕೆ ಚೆನ್ನಾಗಿ ಆಡಿದೆ. ಹೆಚ್ಚಿನ ಆಟಗಳಲ್ಲಿ ಎದುರಿನವರೇ ಏನೇನೋ ವಿಚಿತ್ರ ಆರಂಭ ಮಾಡಿ ತಾವೇ ಸಿಕ್ಕಿಕೊಂಡರು. ಕೊನೆಯ ಸುತ್ತಿಗೆ ಬರುವಾಗ ನಾನು ನಾಲ್ಕನೆಯವಳು. ಮೊದಲ ನಾಲ್ವರು ಊರಿನ ತಂಡವಾಗಿ ಬೇರೆ ಊರಿಗೆ ಆಡಲು ಹೋಗುತ್ತಾರೆ. ಕೊನೆಯ ಆಟ ಡ್ರಾ ಆದರೂ ಆ ನಾಲ್ಕನೇ ಕುರ್ಚಿ ನನ್ನದು. ಸೋತರೆ ಅದು ಬ್ಯಾಂಕಿನವರಿಗೆ. ಬ್ಯಾಂಕಿನವರೆಂದರೆ ನಮ್ಮ ಕ್ಲಬ್ಬಿನ ಇನ್ನೊಬ್ಬ ಸದಸ್ಯರು, ಆರಂಭದ ನಡೆಗಳ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿಕೊಂಡು, ಸೋತ ಮೇಲೂ ಎದುರಿನವರಿಗೆ ಪಾಠ ಹೇಳುವವರು.

ಆ ಕುರ್ಚಿ ನನಗೆ ಎಷ್ಟು ಬೇಕಾಗಿತ್ತು ಎಂದು ಹೇಳಿಬಿಡುತ್ತೇನೆ, ಇದರಲ್ಲಿ ಮುಚ್ಚುಮರೆ ಯಾಕೆ. ಕ್ಲಬ್ಬಿನ ಗೋಡೆಯ ಮೇಲಿನ ಹಲಗೆಯಲ್ಲಿ ಎಲ್ಲರ ಹೆಸರು ಬರೆದಿರುತ್ತಾರೆ. ನನ್ನದು ಬಂದಾಗ "ಕನ್ನಡಕದವರ ಸೊಸೆ" ಎಂದು ಬರೆಯುತ್ತಾರೆ. ಗೆದ್ದರೆ "ಮಾವ ಚೆನ್ನಾಗಿ ಕಲಿಸಿದ್ದಾರೆ." ಸೋತರೆ "ಪಾಪ, ಮನೆ ಕೆಲಸದ ಮಧ್ಯೆ ಎಷ್ಟಂತ ಆಡ್ತಾಳೆ." ಗೆಲುವೂ ನನ್ನದಲ್ಲ, ಸೋಲೂ ನನ್ನದಲ್ಲ. ಒಂದೇ ಒಂದು ಸಲ, ನಾನು ಆಡಿದ್ದರಿಂದ ನನಗೆ ಸಿಕ್ಕಿದ್ದು ಎನ್ನುವಂಥದ್ದು ಏನಾದರೂ ಬೇಕಾಗಿತ್ತು.

ಕೊನೆಯ ಸುತ್ತಿಗೆ ನನ್ನ ಎದುರಾಳಿ ಯಾರು ಎಂದು ಹಲಗೆಯ ಮೇಲೆ ಬರೆದರು. ಮಾವನವರು.

ನನಗೆ ಸೀಮೆಸುಣ್ಣ ಕಿತ್ತುಕೊಂಡು ಅಳಿಸಿಬಿಡಬೇಕು ಅನ್ನಿಸಿತು. ಮಾವನವರಿಗೆ ಈ ಆಟದಲ್ಲಿ ಗೆದ್ದರೂ ಏನೂ ಬರುವ ಹಾಗಿರಲಿಲ್ಲ, ಸೋತರೂ ಹೋಗುವ ಹಾಗಿರಲಿಲ್ಲ. ಆಗಲೇ ಎರಡು ಆಟ ಸೋತು ನಡುವಿನಲ್ಲೆಲ್ಲೋ ಇದ್ದರು. ಅಂದ ಮೇಲೆ ಜನ ಏನು ಹೇಳುತ್ತಾರೆ ಎಂಬುದಕ್ಕೆ ಜ್ಯೋತಿಷ್ಯ ಬೇಕಾಗಿರಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿಯೂ ಟೂರ್ನಮೆಂಟಿನ ತೀರ್ಪುಗಾರರೂ ಆದ ಹಲ್ಲಿನ ಡಾಕ್ಟರು ಅಲ್ಲೇ ನಕ್ಕು, "ಮನೆಯಲ್ಲೇ ಮಾತಾಡ್ಕೊಂಡು ಬನ್ನಿ, ನಾವೂ ಬೇಗ ಮನೆಗೆ ಹೋಗ್ಬಹುದು," ಎಂದರು. ಹಲ್ಲು ಕೀಳುವಾಗಲೂ ಅವರು ಹೀಗೆಯೇ ನಗುತ್ತಾರೆ.

ಮನೆಯಲ್ಲಿ ಇನ್ನೊಂದು ಸಭೆ. ಅತ್ತೆ ಒಗೆದ ಬಟ್ಟೆ ಮಡಿಸುತ್ತಾ, "ನೋಡಿ, ನೀವು ಸುಮ್ಮನೆ ಸೋತುಬಿಡಿ. ಈ ವಯಸ್ಸಲ್ಲಿ ಸೊಸೆ ಮೇಲೆ ಗೆದ್ದು ಏನು ಸಾಧಿಸ್ತೀರಿ?" ಎಂದರು.

"ಅತ್ತೆ, ಅವರು ಸೋಲೋದು ಬೇಡ," ಎಂದೆ.

"ನೀನು ಸುಮ್ಮನಿರಮ್ಮ. ನಾನು ನಿನ್ನ ಪರವಾಗಿ ಮಾತಾಡ್ತಿದೀನಿ."

"ನನ್ನ ಪರವಾಗಿ ಮಾತಾಡ್ಬೇಡಿ ಅಂತಾನೇ ಹೇಳ್ತಿರೋದು."

ನಮ್ಮವರು ಪೇಪರಿನ ಹಿಂದಿನಿಂದ, "ಡ್ರಾ ಮಾಡ್ಕೊಳ್ಳಿ. ಯಾರಿಗೂ ಬೇಜಾರಿಲ್ಲ," ಎಂದು ತೀರ್ಪು ಕೊಟ್ಟರು. ಚೆಸ್ಸಿನಲ್ಲಿ ಕುದುರೆ ಹೇಗೆ ನಡೆಯುತ್ತದೆ ಎಂಬುದು ಇವರಿಗೆ ಇವತ್ತಿಗೂ ಗೊತ್ತಿಲ್ಲ. ಮಾವನವರು ಎದ್ದು ಕೈ ತೊಳೆಯಲು ಹೋದರು. ನಾನು ಹಿಂದೆಯೇ ಹೋಗಿ ಹೇಳಿದೆ:

"ಮಾವ, ನೀವು ನಿಜವಾಗಿ ಆಡ್ಬೇಕು. ಬಿಟ್ಟುಕೊಟ್ರೆ ನಾನು ಅಂಗಡಿಗೆ ಬರಲ್ಲ."

"ನಾನು ಯಾವತ್ತು ಸುಳ್ಳಾಡಿದೀನಿ?" ಎಂದು ನಲ್ಲಿ ತಿರುಗಿಸಿದರು. ಹೂಂ ಎಂದೂ ಅಲ್ಲ, ಊಹೂಂ ಎಂದೂ ಅಲ್ಲ. ಈ ಮನುಷ್ಯನಿಂದ ಒಂದು ನೆಟ್ಟಗಿನ ಉತ್ತರ ಹೊರಡಿಸುವುದಕ್ಕಿಂತ ಕಲ್ಲಿನಿಂದ ನಾರು ತೆಗೆಯುವುದು ಸುಲಭ.

ಆಟ ಇದ್ದದ್ದು ಗ್ರಂಥಾಲಯದ ಮೇಲಿನ ಹಾಲಿನಲ್ಲಿ. ಒಂದು ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಸದ್ದು ಮಾಡುತ್ತಿತ್ತು. ಮೇಜಿನ ಒಂದು ಕಾಲಿನ ಕೆಳಗೆ ರಟ್ಟು ಮಡಿಸಿ ಇಟ್ಟಿದ್ದರು, ಆದರೂ ಅದು ಅಲ್ಲಾಡುತ್ತಿತ್ತು. ಬಿಳಿ ಕಾಯಿ ಮಾವನವರಿಗೇ ಬಂದಿತ್ತು. ನನಗೆ ಒಳಗೊಳಗೇ ಧೈರ್ಯ ಬಂತು. ನಮ್ಮ ಜಾಗಕ್ಕೆ ಹೋಗಿ ತಲುಪಿದರೆ ಸಾಕು, ಅಲ್ಲಿಂದ ಮುಂದೆ ನನ್ನನ್ನು ಯಾರೂ ಅಲ್ಲಾಡಿಸಲಾರರು.

ಮಾವನವರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದೆ ಇಟ್ಟರು. ನಾನೂ ಇಟ್ಟೆ. ಅವರು ಒಂದು ಕುದುರೆ ತೆಗೆದರು. ನಾನೂ ಒಂದು ಕುದುರೆ ತೆಗೆದೆ. ಅವರು ಒಂಟೆಯನ್ನು ಹೊರಗೆ ತಂದರು. ಈಗ ನನ್ನ ಸರದಿ. ಒಂದು ಕುದುರೆ, ಒಂದು ಒಂಟೆ, ಎರಡೂ ಹೊರಗೆ ಬರಬೇಕು. ಅಂಗಡಿಯಲ್ಲಿ ಜೋಡಿಸುವಾಗ ನಾನು ಯಾವಾಗಲೂ ಎರಡು ಕುದುರೆಗಳನ್ನೂ ಮೊದಲು ಇಡುತ್ತೇನೆ, ಆಮೇಲೆ ಒಂಟೆ. ಅದಕ್ಕೆ ಕಾರಣವೇ ಇಲ್ಲ. ಅಂಗಡಿ ತೆರೆದಾಗ ಮೊದಲು ದೀಪ ಹಾಕುತ್ತೇನೋ ಮೊದಲು ಕಸ ಗುಡಿಸುತ್ತೇನೋ, ಅಂಥದೇ ಒಂದು ರೂಢಿ. ಕೈ ತಾನಾಗಿ ಹೋಯಿತು. ಕುದುರೆಯನ್ನು ಇಟ್ಟೆ, ಗಡಿಯಾರದ ಗುಂಡಿ ಒತ್ತಿದೆ.

ಒತ್ತಿದ ಮೇಲೆ ಬೋರ್ಡನ್ನು ನೋಡಿದೆ. ನಮ್ಮ ಜಾಗದಲ್ಲಿ ನನ್ನ ರಾಜ ಯಾವಾಗಲೂ ಕೋಟೆ ಸೇರಿಯಾಗಿರುತ್ತದೆ. ಇಲ್ಲಿ ಅದು ಇನ್ನೂ ಹಾಲಿನ ನಡುವೆ ನಿಂತ ಹಾಗೆ ತನ್ನ ಮನೆಯಲ್ಲೇ ನಿಂತಿತ್ತು. ಪಕ್ಕದ ಒಂಟೆ ಹೊರಡದೆ ಅದು ಕೋಟೆಗೆ ಹೋಗುವ ಹಾಗಿಲ್ಲ. ಮಾವನವರ ಕುದುರೆ ಈಗ ನೆಗೆದು ಮುಂದೆ ಬಂದರೆ, ಅದೂ ಅವರ ಒಂಟೆಯೂ ಸೇರಿ ನನ್ನ ರಾಜನ ಮಗ್ಗುಲಲ್ಲಿರುವ ಒಂದೇ ಕಾಲಾಳಿನ ಮೇಲೆ ಬೀಳುತ್ತವೆ. ಅದನ್ನು ಕಾಯಲು ರಾಜ ಒಬ್ಬನೇ. ಒಂಟೆ ಮೊದಲು ಹೊರಟಿದ್ದರೆ ಈ ತಂಟೆಯೇ ಇರುತ್ತಿರಲಿಲ್ಲ. ಆಮೇಲೆ ಬ್ಯಾಂಕಿನವರು ಹೇಳಿದ ಪ್ರಕಾರ ನಾನಿಟ್ಟ ನಡೆ ತಪ್ಪೇನಲ್ಲವಂತೆ, ಓದಿಕೊಂಡವರು ಬೇಕೆಂದೇ ಹಾಗೆ ಆಡುತ್ತಾರಂತೆ. ನಾನು ಓದಿಕೊಂಡಿರಲಿಲ್ಲ, ಬೇಕೆಂದೂ ಆಡಿರಲಿಲ್ಲ.

ಮಾವನವರು ಕನ್ನಡಕ ತೆಗೆದರು. ಒರೆಸಿದರು. ಬೆಳಕಿಗೆ ಹಿಡಿದರು. ನನಗೆ ಮೈಯೆಲ್ಲ ಉರಿಯತೊಡಗಿತು. ಅವರು ನೋಡಿದ್ದಾರೆ, ಅದು ಖಂಡಿತ. ನೋಡಿಯೂ ನೆಗೆಯದೆ ಇದ್ದರೆ, ಬಿಟ್ಟುಕೊಟ್ಟ ಹಾಗೆ. ನೆಗೆದರೆ ನಾನು ಕೆಟ್ಟೆ. ಎರಡರಲ್ಲಿ ಯಾವುದಾಗಲಿ ಎಂದು ಬೇಡಿಕೊಳ್ಳಬೇಕೋ ನನಗೇ ತಿಳಿಯಲಿಲ್ಲ. "ಆಯ್ತು ಆಯ್ತು" ಎಂದು ಗೊಣಗಿದರು. ಡಾಕ್ಟರು ದೂರದಿಂದ ತುಟಿಯ ಮೇಲೆ ಬೆರಳಿಟ್ಟರು. ಮಾವನವರು ಕೈ ನೀಡಿ, ಕುದುರೆಯ ಕಿವಿ ಹಿಡಿದು ಎತ್ತಿ, ಕುಕ್ಕಿದರು. ನೆಗೆದೇ ಬಿಟ್ಟಿತು.

ಒಂದು ಕ್ಷಣ ಖುಷಿಯಾಯಿತು ಎಂದರೆ ನಂಬುತ್ತೀರೋ ಇಲ್ಲವೋ. ಮರುಕ್ಷಣವೇ ಕೋಪ ಬಂತು. ಸ್ವಂತ ಸೊಸೆ, ನಾಲ್ಕನೇ ನಡೆ, ಸ್ವಲ್ಪವೂ ಕರುಣೆಯಿಲ್ಲವಲ್ಲ ಈ ಮುದುಕರಿಗೆ. ಬಿಟ್ಟುಕೊಡಬೇಡಿ ಎಂದವಳೂ ನಾನೇ, ಅದು ಬೇರೆ ಮಾತು.

ಆಮೇಲಿನದು ನಾನು ಹುಟ್ಟಿದ ಮೇಲೆ ಮಾಡಿದ ಅತಿ ಕಷ್ಟದ ಯೋಚನೆ. ನಡುವಿನ ಕಾಲಾಳನ್ನು ನೂಕಿ ಅವರ ಒಂಟೆಗೆ ಅಡ್ಡ ಹಾಕಿದೆ. ಅವರು ಅದನ್ನು ತಮ್ಮ ಕಾಲಾಳಿನಿಂದ ಹೊಡೆದರು. ಕುದುರೆಯಿಂದ ತಿರುಗಿ ಹೊಡೆಯಲು ಕೈ ತುರಿಸಿತು. ಎಲ್ಲರಿಗೂ ಮೊದಲು ಹೊಳೆಯುವುದೇ ಅದು. ಆದರೆ ಹಾಗೆ ಹೊಡೆದರೆ ಅವರು ಕುದುರೆಯನ್ನೇ ಬಲಿಕೊಟ್ಟು ನನ್ನ ರಾಜನನ್ನು ಬೀದಿಗೆಳೆಯುತ್ತಾರೆ ಎಂಬುದು ಕಾಣಿಸಿತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಕೊನೆಗೆ ಇನ್ನೊಂದು ಕುದುರೆಯನ್ನು ಬೋರ್ಡಿನ ಅಂಚಿಗೆ ಓಡಿಸಿ ಅವರ ಒಂಟೆಗೆ ಗುರಿಯಿಟ್ಟೆ. ಒಂದು ಕಾಲಾಳು ಹೋಯಿತು. ರಾಜ ಉಳಿಯಿತು. ನಮ್ಮ ಜಾಗ ಮಾತ್ರ ಇನ್ನು ಬರುವುದಿಲ್ಲ ಎಂದು ಗೊತ್ತಾಯಿತು. ಇಬ್ಬರೂ ಕಂಡು ಕೇಳರಿಯದ ಕಡೆಗೆ ಬಂದಿದ್ದೆವು. ಮಾವನವರೂ ಒರೆಸುವುದನ್ನು ಮರೆತು ಬೋರ್ಡನ್ನೇ ನೋಡುತ್ತಿದ್ದರು.

ಒಂದು ಕಾಲಾಳು ಕಡಿಮೆಯಿಟ್ಟುಕೊಂಡು ಇಡೀ ಮಧ್ಯಾಹ್ನ ಹಲ್ಲು ಕಚ್ಚಿ ಆಡಿದೆ. ರಾಣಿಗಳು ಹೋದವು. ಉಳಿದ ಕಾಯಿಗಳೂ ಒಂದೊಂದಾಗಿ ಹೋದವು. ಕೊನೆಗೆ ಅವರ ಹತ್ತಿರ ಒಂದು ಆನೆ, ಒಂದು ಒಂಟೆ. ನನ್ನ ಹತ್ತಿರ ಒಂದು ಆನೆ, ಒಂದು ಕುದುರೆ. ಕಾಲಾಳುಗಳಲ್ಲಿ ಅವರಿಗೆ ಒಂದು ಹೆಚ್ಚು. ಆ ಹೆಚ್ಚಿನ ಕಾಲಾಳನ್ನು ಅವರು ಒಂದು ಕಡೆಯಿಂದ ತಂದರೆ ನಾನು ಅಲ್ಲಿ ಅಡ್ಡ ನಿಲ್ಲುತ್ತಿದ್ದೆ. ಇನ್ನೊಂದು ಕಡೆಯಿಂದ ನುಗ್ಗಿದರೆ ಅಲ್ಲೂ. ಉಳಿದ ಮೇಜುಗಳ ಆಟ ಮುಗಿದು ಜನ ನಮ್ಮ ಸುತ್ತ ಬಂದು ನಿಂತಿದ್ದರು. ಬ್ಯಾಂಕಿನವರು ನನ್ನ ಭುಜದ ಹಿಂದೆಯೇ ನಿಂತು ಉಸಿರಾಡುತ್ತಿದ್ದರು.

ಆಗ ಮಾವನವರು ತಲೆಯೆತ್ತಿ ಮೆಲ್ಲಗೆ, "ಡ್ರಾ ಮಾಡ್ಕೊಳ್ಳೋಣ್ವಾ?" ಎಂದರು.

ನನ್ನ ಪಿತ್ತ ನೆತ್ತಿಗೇರಿತು. ಒಂದು ಕಾಲಾಳು ಹೆಚ್ಚಿರುವವರು ಡ್ರಾ ಕೇಳುವುದೆಂದರೇನು? ಅಷ್ಟು ಜನರ ಎದುರಿಗೆ? ಮಧ್ಯಾಹ್ನದಿಂದ ಬೆವರು ಸುರಿಸಿ ಕಟ್ಟಿದ್ದನ್ನೆಲ್ಲ "ತಗೋಮ್ಮ" ಎಂದು ಒಂದು ಭಿಕ್ಷೆಯಾಗಿ ಮಾಡಿ ನನ್ನ ಬಟ್ಟಲಿಗೆ ಹಾಕಿದ ಹಾಗಾಯಿತು. ಹೂಂ ಎಂದಿದ್ದರೆ ಕುರ್ಚಿ ನನ್ನದು. ಬ್ಯಾಂಕಿನವರ ಉಸಿರು ನಿಂತಿದ್ದೂ ಕೇಳಿಸಿತು.

"ಆಡಿ," ಎಂದೆ.

"ಏನು?"

"ಡ್ರಾ ಬೇಡ. ಆಡಿ ಅಂದೆ."

ಮಾವನವರ ಕಿವಿ ಕೆಂಪಾಯಿತು. ಅವರಿಗೆ ಸಿಟ್ಟು ಬಂದರೆ ಮುಖದಲ್ಲಿ ಕಾಣುವುದಿಲ್ಲ, ಕಿವಿಯಲ್ಲಿ ಕಾಣುತ್ತದೆ. ಅಲ್ಲಿಂದ ಮುಂದೆ ಅವರು ಕನ್ನಡಕ ಮುಟ್ಟಲಿಲ್ಲ, "ಆಯ್ತು ಆಯ್ತು" ಎನ್ನಲಿಲ್ಲ. ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಸರಸರನೆ ಆಡತೊಡಗಿದರು. ಆ ಹೆಚ್ಚಿನ ಕಾಲಾಳನ್ನು ದಬ್ಬಿದರು, ದಬ್ಬಿದರು, ಇನ್ನೊಂದು ಮನೆ ದಾಟಿದರೆ ಅದು ರಾಣಿ. ಅದಕ್ಕೆ ಬೆಂಬಲವಾಗಿ ರಾಜನನ್ನೂ ಮುಂದಕ್ಕೆ ನಡೆಸಿದರು. ನಾನು ಬೋರ್ಡನ್ನು ನೋಡಿದೆ. ಮತ್ತೆ ನೋಡಿದೆ. ನನ್ನ ಕುದುರೆ ಒಂದು ಮನೆಗೆ ಹಾರಿದರೆ ಅವರ ರಾಜನಿಗೆ ಚೆಕ್, ಜೊತೆಗೆ ಆನೆಯೂ ಅದರ ಬಾಯಲ್ಲಿ. ನಂಬಿಕೆಯಾಗದೆ ಬೆರಳಿನಿಂದ ಗಾಳಿಯಲ್ಲಿ ಎಣಿಸಿದೆ. ಇಟ್ಟೆ.

ಮಾವನವರು ಬೋರ್ಡನ್ನು ನೋಡಿದರು. ರಾಜನನ್ನು ಸರಿಸಲೇಬೇಕು, ಸರಿಸಿದರು. ನಾನು ಆನೆಯನ್ನು ಹೊಡೆದೆ. ಅವರು ಕಾಲಾಳನ್ನು ಕೊನೆಯ ಮನೆಗೆ ನೂಕಿ ರಾಣಿ ಮಾಡಿಕೊಂಡರೂ ಅದನ್ನು ನುಂಗಲು ನನ್ನ ಆನೆ ಕಾದು ಕೂತಿತ್ತು. ಮಾವನವರು ಗಡಿಯಾರ ನಿಲ್ಲಿಸಿ, ನನ್ನ ಕೈ ಕುಲುಕಿ ಎದ್ದರು.

ಗೆದ್ದಿದ್ದೆ. ಡ್ರಾ ಅಲ್ಲ, ಪೂರ್ತಿ ಗೆಲುವು. ಎದ್ದು ನಿಂತು ತಿರುಗುವಷ್ಟರಲ್ಲಿ ಮೆಟ್ಟಿಲ ಹತ್ತಿರ ಯಾರೋ ಮಾವನವರ ಬೆನ್ನು ತಟ್ಟಿ ಹೇಳುತ್ತಿದ್ದರು: "ದೊಡ್ಡ ಮನಸ್ಸು ಸಾರ್ ನಿಮ್ದು. ಎಷ್ಟು ಚೆನ್ನಾಗಿ ಬಿಟ್ಟುಕೊಟ್ರಿ, ಗೊತ್ತೇ ಆಗ್ಲಿಲ್ಲ."

ನಾನು ಕಾದೆ. ಈಗ ಹೇಳುತ್ತಾರೆ, ಬಿಟ್ಟುಕೊಡಲಿಲ್ಲ ಕಣಪ್ಪಾ, ಸೋತೆ ಎಂದು. ಮಾವನವರು ಮುಗುಳ್ನಕ್ಕರು. ಅಷ್ಟೇ. ಮುಗುಳ್ನಕ್ಕು ಮೆಟ್ಟಿಲಿಳಿದರು.

ಆ ಮುಗುಳ್ನಗೆ ನನ್ನ ಜೀವ ಹಿಂಡಿಬಿಟ್ಟಿತು. ಮನೆಗೆ ಹೋದರೆ ಅತ್ತೆ ಬಾಗಿಲಲ್ಲೇ, "ನಾನು ಹೇಳಿದ್ದಕ್ಕೆ ಕೇಳಿದ್ರು ನೋಡು," ಎಂದರು. ಮಾವನವರು ಆಗಲೂ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಚಪ್ಪಲಿ ಬಿಟ್ಟು ಒಳಗೆ ಹೋದರು. ಮರುದಿನ ಅಂಗಡಿಯಲ್ಲಿ ಗಿರಾಕಿಗಳೂ ಅದನ್ನೇ ಕೇಳಿದರು. ಪಕ್ಕದ ಔಷಧಿ ಅಂಗಡಿಯವರು ಬಂದು, "ಮಾವ ಅಂದ್ರೆ ಹೀಗಿರ್ಬೇಕು," ಎಂದು ಹೊಗಳಿ ಹೋದರು. ಮಾವನವರು ಒಬ್ಬರಿಗೂ ಹೌದು ಎಂದು ಸುಳ್ಳು ಹೇಳಲಿಲ್ಲ, ಅದು ನಿಜ. ಅಲ್ಲ ಎಂದು ಸತ್ಯವನ್ನೂ ಹೇಳಲಿಲ್ಲ. ಸೊಸೆಯ ಕೈಯಲ್ಲಿ ಸೋತವರಾಗುವುದಕ್ಕಿಂತ ಸೊಸೆಗೆ ಬಿಟ್ಟುಕೊಟ್ಟವರಾಗುವುದು ಅವರಿಗೆ ಹಿತವಾಗಿತ್ತು.

ನಾನು ತಡಿಕೆಯ ಆಚೆಯಿಂದ ಯಂತ್ರ ನಿಲ್ಲಿಸಿ ಕೇಳಿದೆ: "ಮಾವ, ನೀವು ಬಿಟ್ಟುಕೊಟ್ರಾ?"

"ಯಾರು ಹಾಗಂದಿದ್ದು?"

"ಎಲ್ಲರೂ."

"ಎಲ್ಲರ ಬಾಯಿ ಮುಚ್ಚಿಸೋದು ನನ್ನ ಕೆಲಸಾನಾ?" ಎಂದು ಒಂದು ಫ್ರೇಮಿನ ಕಾಲು ಬಗ್ಗಿಸತೊಡಗಿದರು.

ನಾನು ಯಂತ್ರ ಹಾಕಿದೆ. ಆ ದಿನ ಒಂದು ಗಾಜು ಹಾಳಾಯಿತು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಬ್ಯಾಂಕಿನವರು ಕ್ಲಬ್ಬಿಗೆ ದೂರು ಕೊಟ್ಟರು. ಆಟ ನಿಜವಾದದ್ದಲ್ಲ, ಆದ್ದರಿಂದ ನಾಲ್ಕನೇ ಕುರ್ಚಿ ತಮಗೆ ಬರಬೇಕು ಎಂದು. ಡಾಕ್ಟರು ಒಂದು ಸಂಜೆ ತಮ್ಮ ದವಾಖಾನೆ ಮುಚ್ಚಿ ಬಂದು ಎಲ್ಲರನ್ನೂ ಕ್ಲಬ್ಬಿನಲ್ಲಿ ಕೂರಿಸಿದರು. ಮಾವನವರೂ ಬಂದು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತರು.

ಬ್ಯಾಂಕಿನವರು ಎದ್ದು ನಿಂತರು. "ನನಗೆ ಯಾರ ಮೇಲೂ ದ್ವೇಷ ಇಲ್ಲ. ಆದ್ರೆ ಈ ಸೊಸೆ ಮೂರನೇ ನಡೇಲೇ ಎರಡನೇ ಕುದುರೆ ತೆಗೆದ್ರು. ಆ ದಾರಿ ಗೊತ್ತಿದ್ದೋರು ಆಡೋ ಆಟ ಬೇರೆ. ಇವರು ಮುಂದಿನ ನಡೆಗೇ ಗಾಬರಿಯಾದ್ರು, ನನ್ನ ಮೇಜಿಂದ ನಾನೇ ನೋಡಿದೆ. ಆರಂಭಾನೇ ಬರದೋರು ಒಂದು ಕಾಲಾಳು ಕಳ್ಕೊಂಡು ಮಾವನ ಮೇಲೆ ಗೆಲ್ತಾರೆ ಅಂದ್ರೆ ನಂಬೋದು ಹೇಗೆ? ಅದರ ಮೇಲೆ, ಮಾವ ಡ್ರಾ ಬೇರೆ ಕೊಡಕ್ಕೆ ಹೋಗಿದ್ರು."

ಅದರಲ್ಲಿ ಒಂದು ಮಾತೂ ಸುಳ್ಳಲ್ಲ, ಅದೇ ಸಂಕಟ. ನನಗೆ ಆರಂಭ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ಹೇಳಲು ಹೋದರೆ ಡ್ರಾಯರು, ಗಿರಾಕಿ, ನಮ್ಮ ಜಾಗ ಎಲ್ಲ ಹೇಳಬೇಕು. ಕೇಳಿದವರು ನಕ್ಕು ನಕ್ಕು ಬೀಳುತ್ತಾರೆ.

ಡಾಕ್ಟರು ಮಾವನವರ ಕಡೆ ತಿರುಗಿದರು. "ಸಾರ್, ನೀವೇ ಹೇಳಿಬಿಡಿ. ಬಿಟ್ಟುಕೊಟ್ರಾ?"

"ಮನೆ ವಿಷಯ," ಎಂದರು ಮಾವನವರು, ಕಿಟಕಿಯ ಕಡೆ ನೋಡುತ್ತಾ.

ಮನೆ ವಿಷಯವಂತೆ. ನನ್ನ ಕುರ್ಚಿ ಕಣ್ಣೆದುರಿಗೇ ಕೈಬಿಟ್ಟು ಹೋಗುತ್ತಿದೆ, ಇವರಿಗೆ ಮನೆ ವಿಷಯ. ಬೇಡಿಕೊಂಡರೆ ಇವರು ಬಾಯಿ ಬಿಡುವವರಲ್ಲ. ಅತ್ತರಂತೂ ಇನ್ನಷ್ಟು ಗಟ್ಟಿಯಾಗುತ್ತಾರೆ. ಆದರೆ ಇವರ ಎದುರು ಇಷ್ಟು ವರ್ಷ ಕೂತಿದ್ದೇನೆ, ಎಲ್ಲಿ ಚಿವುಟಿದರೆ ಕೂಗುತ್ತಾರೆ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತು. ನಾನು ಎದ್ದು ಒಂದು ಬೋರ್ಡು ಎಳೆದುಕೊಂಡು, ಅವರು ಕೊನೆಯಲ್ಲಿ ರಾಜನನ್ನು ಮುಂದಿಡುವ ಮೊದಲಿನ ಸ್ಥಿತಿಯನ್ನು ಜೋಡಿಸಿದೆ. ಅವರ ಆನೆ, ಒಂಟೆ, ರಾಣಿಯಾಗಲು ಒಂದೇ ಮನೆ ಬಾಕಿಯಿದ್ದ ಆ ಕಾಲಾಳು; ನನ್ನ ಆನೆ, ನನ್ನ ಕುದುರೆ.

"ಬಿಡಿ ಡಾಕ್ಟ್ರೇ," ಎಂದೆ, ಆದಷ್ಟು ಉಡಾಫೆಯಿಂದ. "ಬಿಟ್ಟುಕೊಟ್ರೋ ಇಲ್ವೋ, ಏನು ವ್ಯತ್ಯಾಸ. ಇಲ್ಲಿ ಹೇಗೂ ಮಾವನ ಆಟ ಮುಗಿದಿತ್ತು. ಯಾವ ನಡೆ ಇಟ್ಟಿದ್ರೂ ಸೋಲ್ತಿದ್ರು."

ಕಿಟಕಿಯ ಹತ್ತಿರ ಕುರ್ಚಿ ಕಿರುಗುಟ್ಟಿತು.

"ಯಾರು ಸೋಲ್ತಿದ್ರು?"

"ನೀವು. ಇಲ್ಲಿ."

"ಇಲ್ಲಿ? ಎಲ್ಲಿ, ತೋರಿಸು. ಇಲ್ಲಿ ನಾನು ಸೋಲ್ತಿದ್ನಾ?" ಮಾವನವರು ಎದ್ದು ಬಂದೇಬಿಟ್ಟರು. ಎರಡೂ ಕೈಯಿಂದ ಕಾಯಿಗಳನ್ನು ಸರಿಸತೊಡಗಿದರು. "ಇದು ನೋಡು. ಕಾಲಾಳು ಇಲ್ಲಿ. ಆನೆ ಹಿಂದೆ. ಇನ್ನೊಂದು ನಡೆ, ರಾಣಿ. ನೀನು ಆನೆ ಕೊಟ್ಟು ಅದನ್ನ ತಗೋಬೇಕಿತ್ತು. ಆಮೇಲೆ ಏನು ಉಳೀತು ನಿಂಗೆ? ಕುದುರೆ ಒಂದು. ಗೆದ್ದಿದ್ದೆ ನಾನು."

"ಹಾಗಾದ್ರೆ ರಾಜನ್ನ ಯಾಕೆ ಆ ಮನೆಗಿಟ್ರಿ?"

"ನಿನ್ನ ಈ ದರಿದ್ರ ಕುದುರೆ ಅಲ್ಲಿಗೆ ಹಾರುತ್ತೆ ಅಂತ ಕಂಡಿದ್ರೆ ನಾನ್ಯಾಕೆ ಇಡ್ತಿದ್ದೆ? ಪಕ್ಕದ ಮನೆಗಿಟ್ಟು ಗೆದ್ದುಕೊಂಡು ಹೋಗ್ತಿದ್ದೆ. ನನಗೇನು ಹುಚ್ಚಾ?"

ಡಾಕ್ಟರು ಕೆಮ್ಮಿದರು.

"ಅಂದ್ರೆ ಸಾರ್, ಆ ಕುದುರೆ ನಿಮಗೆ ಕಂಡಿರ್ಲಿಲ್ಲ?"

ಮಾವನವರ ಕೈ ಬೋರ್ಡಿನ ಮೇಲೆ ಹಾಗೇ ನಿಂತಿತು. ನನ್ನ ಮುಖ ನೋಡಿದರು. ಏನಾಯಿತು ಎಂದು ಅರ್ಥವಾಯಿತು. ಕಿವಿಗಳು ಕೆಂಪಾದವು. ನುಣುಚಿಕೊಳ್ಳಲು ಇನ್ನೂ ದಾರಿಯಿತ್ತು. ಏನೋ ಒಂದು ಗೊಣಗಿ ಹೊರಟುಹೋಗಬಹುದಿತ್ತು. ಹೋಗುತ್ತಾರೆ ಎಂದೇ ನಾನು ಅಂದುಕೊಂಡೆ.

"ಕಂಡಿರ್ಲಿಲ್ಲ," ಎಂದರು. "ಸೋತೆ. ಇವಳು ಸೋಲಿಸಿದಳು."

"ಮತ್ತೆ ಡ್ರಾ ಕೊಟ್ಟಿದ್ದು?" ಬ್ಯಾಂಕಿನವರು ಬಿಡಲಿಲ್ಲ.

"ಕೊಟ್ಟಿದ್ದಲ್ಲ ಸ್ವಾಮಿ, ಕೇಳಿದ್ದು." ಮಾವನವರು ಅವರ ಕಡೆ ತಿರುಗಿಯೂ ನೋಡಲಿಲ್ಲ. "ಒಂದು ಕಾಲಾಳು ಹೆಚ್ಚಿತ್ತು, ಸರಿ. ಈ ಕಡೆ ಹೋದ್ರೆ ಇವಳು ನಿಂತಿದ್ಳು, ಆ ಕಡೆ ಹೋದ್ರೆ ಅಲ್ಲೂ ಇವಳೇ. ನಾನು ಕೇಳಿದಾಗ ಗೆಲ್ಲಕ್ಕೆ ದಾರಿನೇ ಇರ್ಲಿಲ್ಲ. ನಿಮಗೆ ಕಂಡ್ರೆ ತೋರಿಸಿ."

ಬ್ಯಾಂಕಿನವರು ಬೋರ್ಡಿನ ಮೇಲೆ ಬಗ್ಗಿ ಕಾಯಿಗಳನ್ನು ಹಿಂದಕ್ಕೆ ಸರಿಸಿ ಬಹಳ ಹೊತ್ತು ಹುಡುಕಿದರು. ತೋರಿಸಲಾಗಲಿಲ್ಲ. ಡಾಕ್ಟರು ಹಲಗೆಯ ಹತ್ತಿರ ಹೋಗಿ ತಂಡದ ಪಟ್ಟಿಯಲ್ಲಿ ನಾಲ್ಕನೆಯವಳಾಗಿ ನನ್ನನ್ನು ಬರೆದರು.

ಇಬ್ಬರೂ ಒಟ್ಟಿಗೆ ಮನೆಯ ಕಡೆ ಹೊರಟೆವು. ಬೀದಿಯಲ್ಲಿ ಅಂಗಡಿಗಳ ಷಟರು ಒಂದೊಂದೇ ಇಳಿಯುತ್ತಿದ್ದವು. ನನಗೆ ಕುಣಿಯುವಷ್ಟು ಖುಷಿಯಾಗಬೇಕಾಗಿತ್ತು. ಆ "ಕೇಳಿದ್ದು" ಎಂಬ ಮಾತನ್ನೇ ಮತ್ತೆ ಮತ್ತೆ ತಿರುಗಿಸಿ ನೋಡುತ್ತಾ ನಡೆದೆ.

ತುಂಬ ದೂರ ನಡೆದ ಮೇಲೆ ಮಾವನವರೇ ಬಾಯಿಬಿಟ್ಟರು. "ಆ ಡ್ರಾ. ನಾನು ಕನಿಕರಕ್ಕೆ ಕೇಳಿದೆ ಅಂದ್ಕೊಂಡ್ಯಾ ನೀನು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೂಂ," ಎಂದೆ.

"ಬ್ಯಾಂಕಿನೋನು ಅಂದ್ಕೊಂಡ, ಸರಿ. ನಿಮ್ಮತ್ತೆ ಅಂದ್ಕೊಂಡ್ಳು, ಅವಳಿಗೆ ಆಟ ಗೊತ್ತಿಲ್ಲ. ನೀನೂ ಹಾಗೇ ಅಂದ್ಕೊಂಡ್ಯಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೂ ತಿರುಗಿ ಏನಾದರೂ ಹೇಳಲು ಬರುತ್ತಿತ್ತು. "ನಾನು ಇನ್ನೊಬ್ಬರ ಹತ್ರ ಡ್ರಾ ಕೇಳಿ ಎಷ್ಟು ಕಾಲವಾಯ್ತು ಗೊತ್ತಾ? ಬಾಯಿಂದ ಆ ಮಾತು ಹೊರಡ್ಸೋಕೆ ನಾನು ಪಟ್ಟ ಪಾಡು ನನಗೆ ಗೊತ್ತು. ನೀನು ಅದನ್ನ ತಿಪ್ಪೆಗೆ ಎಸೆದ ಹಾಗೆ ಎಸೆದೆ."

ಆಮೇಲೆ ಕೈ ಹಿಂದೆ ಕಟ್ಟಿಕೊಂಡು, ನನ್ನನ್ನು ಬಿಟ್ಟು, ಮುಂದೆ ಮುಂದೆ ನಡೆದರು. ನಾನು ಓಡಿ ಅವರನ್ನು ಕೂಡಿಕೊಳ್ಳಬಹುದಿತ್ತು. ಆದರೆ ಮನೆ ಬರುವವರೆಗೂ ಅವರ ಹಿಂದೆಯೇ ನಡೆದೆ.